ಮಸಲ್ ವೀಕ್ನೆಸ್ ಇಟ್ಕೊಂಡು ಮನೆ ನಡೆಸೋದು: ಯಾವ ದಾರಿ ಯಾರಿಗೆ ಸರಿ

ಮಸಲ್ ವೀಕ್ ಆಗೋ ಕಾಯಿಲೆ ಅಂತ ಡಾಕ್ಟ್ರು ಹೇಳಿದ್ಮೇಲೆ ಮನೆಯವ್ರೆಲ್ಲ ಸೇರಿ ಮೊದ್ಲು ಮಾಡೋದೇ ಆನ್‌ಲೈನಲ್ಲಿ ಸಾಮಾನು ಹುಡುಕೋದು. ಎದ್ದು ನಿಲ್ಲಿಸೋ ಕುರ್ಚಿ, ದಪ್ಪ ಹಿಡಿಯ ಚಮಚ, ಬಾತ್‌ರೂಮ್ ಸ್ಟೂಲು, ನಾಲ್ಕು ಚಕ್ರದ ವಾಕರ್ರು. ರಿವ್ಯೂ ನೋಡಿದ್ರೆ ಒಬ್ರು ಐದು ಸ್ಟಾರ್ ಕೊಟ್ಟು ತುಂಬಾ ಉಪಯೋಗ ಆಯ್ತು ಅಂತಾರೆ, ಅದರ ಕೆಳಗೇ ಇನ್ನೊಬ್ರು ಒಂದು ಸ್ಟಾರ್ ಕೊಟ್ಟು ದುಡ್ಡು ದಂಡ ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ. ಇಬ್ರಿಗೂ ಬಲ ಹೋಗಿರೋ ಜಾಗ ಬೇರೆ, ಬಲ ಕೈಕೊಡೋ ಹೊತ್ತು ಬೇರೆ. ಹಾಗಾಗಿ ಇಲ್ಲಿ ಸಾಮಾನಿನ ಪಟ್ಟಿ ಕೊಡೋಕೆ ಹೋಗಲ್ಲ, ದಿನಾ ಮಾಡೋ ಒಂದೊಂದು ಕೆಲ್ಸಕ್ಕೂ ಇರೋ ದಾರಿಗಳನ್ನ ಪಕ್ಕಪಕ್ಕ ಇಟ್ಟು ಯಾರಿಗೆ ಯಾವುದು ಅಂತ ನನಗೆ ತಿಳಿದಷ್ಟು ಹೇಳ್ತೀನಿ.

ನಂದು ಲಿಂಬ್ ಗರ್ಡಲ್ ಗುಂಪಿನ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದ್ರೆ ಮಸಲ್ ನಿಧಾನವಾಗಿ ಸವೆಯೋ ಕಾಯಿಲೆ, ಅದರಲ್ಲಿ ಸೊಂಟ ತೊಡೆ ಭುಜ ಮೊದ್ಲು ಸೋಲೋದು. ನನ್ನ ಫ್ರೆಂಡ್ ಒಬ್ಳಿಗೆ ಮಯಸ್ತೇನಿಯಾ ಗ್ರೇವಿಸ್, ಅಂದ್ರೆ ನರದ ಸಂದೇಶ ಮಸಲ್‌ಗೆ ಸರಿಯಾಗಿ ಮುಟ್ಟದ ಕಾಯಿಲೆ. ನಮ್ಮಿಬ್ರಿಗೂ ಸುಸ್ತು ಸುಸ್ತು ಅನ್ನೋ ಮಾತು ಒಂದೇ ಆದ್ರೂ ಮನೆ ನಡೆಸೋ ರೀತಿ ಪೂರ್ತಿ ಬೇರೆ, ಅವಳಿಗೆ ಕೆಲ್ಸಕ್ಕೆ ಬಂದ ಐಡಿಯಾ ನನಗೆ ಅರ್ಧದಷ್ಟೂ ಉಪಯೋಗ ಆಗಲ್ಲ.

ಮೊದ್ಲು ನಿಮ್ದು ಯಾವ ಗುಂಪು ನೋಡ್ಕೊಳ್ಳಿ

ಎರಡು ಪ್ರಶ್ನೆ ಕೇಳ್ಕೊಂಡ್ರೆ ಮುಕ್ಕಾಲು ಪಾಲು ಗೊಂದಲ ಹೋಗುತ್ತೆ. ಒಂದು, ಎಲ್ಲಿ ವೀಕ್? ಮೈಗೆ ಹತ್ರದ ಮಸಲ್‌ಗಳಾ, ಅಂದ್ರೆ ತೊಡೆ ಸೊಂಟ ಭುಜ, ಅಥವಾ ತುದಿಯವಾ, ಅಂದ್ರೆ ಬೆರಳು ಮಣಿಕಟ್ಟು ಪಾದ? ಕುರ್ಚಿಯಿಂದ ಏಳೋಕೆ, ಮೆಟ್ಟಿಲು ಹತ್ತೋಕೆ, ತಲೆ ಬಾಚೋಕೆ ಕಷ್ಟ ಅಂದ್ರೆ ಹತ್ರದವು. ಬಟನ್, ಬೀಗ, ಡಬ್ಬಿ ಮುಚ್ಚಳ ಕಷ್ಟ, ನಡೆಯುವಾಗ ಪಾದದ ತುದಿ ನೆಲಕ್ಕೆ ತಾಗಿ ಎಡವೋದು ಅಂದ್ರೆ ತುದಿಯವು. ಲಿಂಬ್ ಗರ್ಡಲ್, ಪಾಲಿಮಯೋಸೈಟಿಸ್ (ಮಸಲ್ ಉರಿಯೂತದ ಕಾಯಿಲೆ) ಇವೆಲ್ಲ ಮೊದಲನೇ ಥರ. ಚಾರ್ಕೋ ಮರಿ ಟೂತ್ ಅಸಲಿಗೆ ನರದ ಕಾಯಿಲೆ, ಆದ್ರೆ ಮನೇಲಿ ಕೊಡೋ ತೊಂದ್ರೆ ಎರಡನೇ ಥರ. ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಅಂತ ಒಂದಿದೆ, ಸಾಮಾನ್ಯವಾಗಿ 50 ದಾಟಿದವರಿಗೆ ಬರೋದು, ಅದು ಎರಡೂ ಕಡೆ ಕೈ ಹಾಕುತ್ತೆ, ತೊಡೆಯ ಮುಂಭಾಗನೂ ಹೋಗುತ್ತೆ ಬೆರಳು ಮಡಚೋ ಬಲಾನೂ ಹೋಗುತ್ತೆ. ಮಯೋಟಾನಿಕ್ ಡಿಸ್ಟ್ರೋಫಿಯವರ ಕಥೆ ಇನ್ನೂ ಬೇರೆ, ಅವರಿಗೆ ಹಿಡಿಯೋದರ ಜೊತೆಗೆ ಹಿಡಿದದ್ದನ್ನ ಬಿಡೋದೂ ಕಷ್ಟ, ಚಳಿಗೆ ಅದು ಜಾಸ್ತಿ ಆಗೋದೂ ಉಂಟು.

ಎರಡನೇದು, ಯಾವಾಗ ವೀಕ್? ಡಿಸ್ಟ್ರೋಫಿಗಳಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ದೊಡ್ಡ ವ್ಯತ್ಯಾಸ ಇರಲ್ಲ, ದಣಿವು ಸೇರ್ಕೊಳ್ಳುತ್ತೆ ಅಷ್ಟೇ. ಮಯಸ್ತೇನಿಯಾದಲ್ಲಿ ಒಂದೇ ದಿನದಲ್ಲಿ ಏರಿಳಿತ, ಮಸಲ್ ಬಳಸ್ತಾ ಹೋದ ಹಾಗೆ ಬಲ ಇಳಿಯುತ್ತೆ, ರೆಸ್ಟ್ ಕೊಟ್ರೆ ವಾಪಸ್ ಬರುತ್ತೆ, ಬೆಳಗ್ಗೆ ಚೆನ್ನಾಗಿದ್ದವರು ಸಂಜೆಗೆ ರೆಪ್ಪೆ ಎತ್ತೋಕೂ ಒದ್ದಾಡ್ತಾರೆ. ಹತ್ರದವು ವೀಕ್ ಇರೋರು ಎತ್ತರಕ್ಕೂ ಆಸರೆಗೂ ದುಡ್ಡು ಹಾಕ್ಬೇಕು, ತುದಿಯವು ವೀಕ್ ಇರೋರು ಹಿಡಿಗಳಿಗೂ ಪಾದಕ್ಕೂ, ಏರಿಳಿತ ಇರೋರು ಸಾಮಾನು ಕೊಳ್ಳೋಕೆ ಮುಂಚೆ ಟೈಮ್‌ಟೇಬಲ್ ಸರಿ ಮಾಡ್ಕೋಬೇಕು. ಇದು ನನ್ನ ಅಭಿಪ್ರಾಯ, ಆದ್ರೆ ಇದರಲ್ಲಿ ತಪ್ಪೋದು ಕಮ್ಮಿ.

ಆಯ್ಕೆಗೆ ನಾನು ಇಟ್ಕೊಂಡಿರೋ ಅಳತೆಗೋಲು ಒಂದೇ. ಈ ಕೆಲ್ಸ ನನ್ ಕೈಲಿ ಆಗುತ್ತಾ ಅಂತ ಕೇಳಿದ್ರೆ ಸುಮಾರು ಸಲ ಹೌದು ಅಂತಾನೇ ಉತ್ರ ಬರುತ್ತೆ, ಹಠ ಹಿಡಿದ್ರೆ ಏನೂ ಆಗುತ್ತೆ. ಇದನ್ನ ಈ ರೀತಿ ಮಾಡಿದ್ಮೇಲೆ ಮುಂದಿನ ಕೆಲ್ಸಕ್ಕೆ ನನ್ನಲ್ಲಿ ಏನಾದ್ರೂ ಉಳಿದಿರುತ್ತಾ ಅಂತ ಕೇಳ್ಬೇಕು. ನಿಂತ್ಕೊಂಡು ಸ್ನಾನ ಮಾಡಿ ಆಮೇಲೆ ಬಟ್ಟೆ ಹಾಕೋಕೆ ಆಗದೆ ಮಂಚದ ಮೇಲೆ ಟವೆಲ್ ಸುತ್ಕೊಂಡು ಬಿದ್ಕೊಂಡ್ರೆ ಆ ಸ್ನಾನ ಸ್ವಂತವಾಗಿ ಮಾಡಿದೆ ಅನ್ನೋದರಲ್ಲಿ ಏನು ಲಾಭ.

ಕೂತಲ್ಲಿಂದ ಏಳೋದು

ಇದಕ್ಕೇ ಜಾಸ್ತಿ ಜಾಗ ಕೊಡ್ತೀನಿ, ಯಾಕಂದ್ರೆ ದಿನಕ್ಕೆ ಎಷ್ಟು ಸಲ ಏಳ್ತೀವಿ ಅನ್ನೋ ಲೆಕ್ಕ ಯಾರೂ ಇಡಲ್ಲ. ತೊಡೆ ಸೊಂಟ ವೀಕ್ ಆದೋರು ನೆಲದಿಂದ ಏಳುವಾಗ ಕೈಯನ್ನ ಮೊಣಕಾಲ ಮೇಲಿಟ್ಟು, ಆಮೇಲೆ ತೊಡೆ ಮೇಲಿಟ್ಟು, ತಮ್ಮ ಮೈಮೇಲೆ ತಾವೇ ಹತ್ತಿದ ಹಾಗೆ ಏಳ್ತಾರಲ್ಲ, ಅದಕ್ಕೆ ಗವರ್ಸ್ ಸೈನ್ ಅಂತ ಹೆಸರು, ವಿಲಿಯಂ ಗವರ್ಸ್ ಅನ್ನೋ ಬ್ರಿಟಿಷ್ ಡಾಕ್ಟ್ರು 1879ರಲ್ಲೇ ಅದನ್ನ ವಿವರಿಸಿದ್ರು. ಕುರ್ಚಿಯಿಂದ ಏಳೋದರಲ್ಲೂ ಅದೇ ತೊಂದ್ರೆ ಸಣ್ಣ ರೂಪದಲ್ಲಿ ಇರುತ್ತೆ. ಸೀಟು ಎಷ್ಟು ಕೆಳಗಿದೆಯೋ ಅಷ್ಟು ಹೊರೆ ತೊಡೆ ಮೇಲೆ ಬೀಳುತ್ತೆ, ಹಾಗಾಗಿ ಸೀಟು ಎತ್ತರ ಮಾಡೋದೇ ಎಲ್ಲಕ್ಕಿಂತ ಅಗ್ಗದ ಔಷಧಿ.

ಇಲ್ಲಿ ದಾರಿಗಳು ಮೂರು: ಇರೋ ಕುರ್ಚಿನ ಎತ್ತರ ಮಾಡೋದು, ಮೋಟಾರಿನ ಲಿಫ್ಟ್ ಕುರ್ಚಿ ತರೋದು, ಮನೆಯವ್ರು ಕೈ ಹಿಡಿದು ಎಬ್ಬಿಸೋದು. ಮೂರನೇದು ಎಲ್ರ ಮನೇಲೂ ಮೊದ್ಲು ಶುರುವಾಗೋದು, ಮೊದ್ಲು ನಿಲ್ಲಿಸ್ಬೇಕಾದದ್ದೂ ಅದೇ. ಕಂಕುಳಿಗೆ ಕೈ ಹಾಕಿ ಎತ್ತಿದ್ರೆ ಅಥವಾ ಅಂಗೈ ಹಿಡಿದು ಎಳೆದ್ರೆ ಭುಜದ ಸುತ್ತ ಬಲ ಇಲ್ಲದವರಿಗೆ ಕೀಲೇ ಜಗ್ಗಿದ ಹಾಗಾಗುತ್ತೆ, ಎಬ್ಬಿಸೋರ ಸೊಂಟಾನೂ ಹೋಗುತ್ತೆ. ಎಬ್ಬಿಸಲೇಬೇಕು ಅಂದ್ರೆ ಸೊಂಟಕ್ಕೆ ಕಟ್ಟೋ ಹಿಡಿಗಳಿರೋ ಬೆಲ್ಟ್ ಸಿಗುತ್ತೆ, ಅದನ್ನ ಹೇಗೆ ಹಿಡಿಯೋದು ಅಂತ ಫಿಸಿಯೋ ಹತ್ರ ಕಲೀರಿ.

ಕುರ್ಚಿ ಎತ್ತರ ಮಾಡೋದಾದ್ರೆ ಕಾಲಿಗೆ ಹಾಕೋ ಬ್ಲಾಕ್‌ಗಳು ಬರುತ್ತೆ, 5 ರಿಂದ 10 ಸೆಂಟಿಮೀಟರ್ ಏರಿಸಿದ್ರೂ ತುಂಬಾ ವ್ಯತ್ಯಾಸ ಗೊತ್ತಾಗುತ್ತೆ. ನಾಲ್ಕೂ ಬ್ಲಾಕ್‌ನ ಮೇಲ್ಗಡೆ ಕುಳಿ ಇದ್ದು ಕುರ್ಚಿ ಕಾಲು ಒಳಗೆ ಕೂರೋ ಹಾಗಿರ್ಬೇಕು, ಬರೀ ಹಲಗೆ ಚೂರು ಇಟ್ಟು ಎತ್ತರ ಮಾಡ್ಬೇಡಿ, ಏಳುವಾಗ ತಳ್ಳೋ ರಭಸಕ್ಕೆ ಜಾರುತ್ತೆ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿರ್ಬೇಕು, ನೇತಾಡೋ ಅಷ್ಟು ಎತ್ತರ ಬೇಡ. ಕೈಯಿಡೋಕೆ ಗಟ್ಟಿ ಆರ್ಮ್‌ರೆಸ್ಟ್ ಬೇಕೇಬೇಕು. ಮೆತ್ತನೆ ಕುಶನ್ ಹಾಕಿ ಎತ್ತರ ಮಾಡ್ತೀನಿ ಅನ್ನೋರಿಗೆ ಹೇಳೋದು, ಕೂತ ಮೇಲೆ ಅದು ಅಷ್ಟೂ ಒಳಗೆ ಹೋಗಿಬಿಡುತ್ತೆ, ಗಟ್ಟಿ ಫೋಮ್ ಆದ್ರೆ ಮಾತ್ರ ಪ್ರಯೋಜನ. ಸೋಫಾ ಅನ್ನೋದು ನಮ್ಮಂಥವರ ಶತ್ರು, ಯಾರ ಮನೆಗೆ ಹೋದ್ರೂ ಡೈನಿಂಗ್ ಟೇಬಲ್ ಕುರ್ಚಿ ಕೇಳಿ ತಗೊಳ್ಳಿ, ಸಂಕೋಚ ಬೇಡ.

ಲಿಫ್ಟ್ ಕುರ್ಚಿ ಒಳ್ಳೇದೇ, ಆದ್ರೆ ಅದು ಎಲ್ರಿಗೂ ಅಲ್ಲ. ಅದು ಹಿಂದಿನಿಂದ ಎತ್ತಿ ಮುಂದಕ್ಕೆ ಬಾಗಿಸುತ್ತೆ, ಆ ಕೊನೇ ಕ್ಷಣದಲ್ಲಿ ನಿಮ್ಮ ಮೊಣಕಾಲು ಭಾರ ತಡ್ಕೋಬೇಕು. ಏಳೋಕೆ ಕಷ್ಟ ಆದ್ರೆ ನಿಂತ್ಮೇಲೆ ಪರವಾಗಿಲ್ಲ ಅನ್ನೋರಿಗೆ ತುಂಬಾ ಒಳ್ಳೇದು. ನಿಂತಾಗ್ಲೇ ಮೊಣಕಾಲು ಮಡಚಿ ಕುಸಿಯೋರಿಗೆ ಅದು ಮುಂದಕ್ಕೆ ದಬ್ಬಿದ ಹಾಗೆ ಆಗುತ್ತೆ, ಅವರು ಎದುರಿಗೆ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಏನಾದ್ರೂ ಇಟ್ಕೊಂಡೇ ಬಳಸ್ಬೇಕು. ಬೆರಳು ವೀಕ್ ಇರೋರು ರಿಮೋಟ್ ಬಟನ್ ಒತ್ತಿ ಹಿಡಿಯೋಕೆ ಆಗುತ್ತಾ ಅಂತ ಅಂಗಡೀಲೇ ನೋಡಿ.

ಏಳೋ ರೀತೀಲೂ ಒಂದು ಕ್ರಮ ಇದೆ. ಸೀಟಿನ ಅಂಚಿಗೆ ಸರೀರಿ, ಪಾದಗಳನ್ನ ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳ್ಕೊಳ್ಳಿ, ಮೂಗು ಕಾಲ್ಬೆರಳ ನೇರಕ್ಕೆ ಬರೋವರೆಗೂ ಮುಂದಕ್ಕೆ ಬಾಗಿ, ಆಮೇಲೆ ಆರ್ಮ್‌ರೆಸ್ಟ್ ಒತ್ತಿ ಎದ್ದೇಳಿ. ತುಂಬಾ ಜನ ಬಾಗದೆ ನೆಟ್ಟಗೆ ಏಳೋಕೆ ನೋಡ್ತಾರೆ, ಇಲ್ಲದ ಬಲ ಎಲ್ಲಿಂದ ಬರುತ್ತೆ ಹೇಳಿ.

ಟಾಯ್ಲೆಟ್ ಮತ್ತು ಸ್ನಾನ

ಕಮೋಡ್ ಎತ್ತರ ಮಾಡೋಕೆ ಮೇಲೆ ಕೂರಿಸೋ ರೈಸರ್ ಸೀಟ್ 5, 10, 15 ಸೆಂಟಿಮೀಟರ್ ಹೀಗೆ ಬೇರೆ ಬೇರೆ ಎತ್ತರದಲ್ಲಿ ಬರುತ್ತೆ. ಅದಕ್ಕೆ ಎದುರಾಗಿ ಕಮೋಡ್ ಮೇಲೆ ನಿಲ್ಲೋ ಕುರ್ಚಿಯಂಥ ಫ್ರೇಮ್, ನಾಲ್ಕು ಕಾಲು, ಎರಡು ಕಡೆ ಕೈ. ನಾನು ಫ್ರೇಮ್ ಪರ. ರೈಸರ್ ಸೀಟು ನೋಡೋಕೆ ಚಿಕ್ಕದು, ಮನೆಯ ಬೇರೆಯವ್ರು ಬಳಸುವಾಗ ತೆಗೆದಿಡಬಹುದು, ಎಲ್ಲಾ ಸರಿ, ಆದ್ರೆ ಒಂದು ಕಡೆಗೆ ಭಾರ ಹಾಕಿ ಏಳೋರಿಗೆ ಕೆಲವು ಅಲ್ಲಾಡುತ್ತೆ, ನಮ್ಮಲ್ಲಿ ಸುಮಾರು ಜನ ಒಂದು ಕಡೆಗೇ ಭಾರ ಹಾಕೋದು. ಫ್ರೇಮ್‌ಗೆ ಭಾರ ನೆಲಕ್ಕೆ ಹೋಗುತ್ತೆ, ಕೈಯಿಂದ ಒತ್ತೋಕೂ ಆಗುತ್ತೆ. ಭುಜ ತಿರುಗಿಸಿ ಹಿಂದಕ್ಕೆ ಕೈ ಹೋಗದವರಿಗೆ ನೀರು ಚಿಮ್ಮಿಸೋ ಸೀಟು ಹಾಕಿಸೋದು ಐಷಾರಾಮ ಅಲ್ಲ, ಇದಕ್ಕೆ ಇನ್ನೊಬ್ರನ್ನ ಕರೀಬೇಕಾಗಿ ಬರೋದನ್ನ ವರ್ಷಗಟ್ಟಲೆ ಮುಂದೆ ತಳ್ಳುತ್ತೆ.

ಗೋಡೆ ಹಿಡಿಗಳಲ್ಲಿ ಸ್ಕ್ರೂ ಹಾಕೋದು ಒಂದು, ಸಕ್ಷನ್ ಕಪ್ಪಿನಿಂದ ಅಂಟೋದು ಒಂದು. ಸಕ್ಷನ್‌ದು ಬ್ಯಾಲೆನ್ಸ್‌ಗೆ ಬೆರಳು ತಾಗಿಸ್ಕೊಳ್ಳೋಕೆ ಮಾತ್ರ, ಮೈಭಾರ ಹಾಕೋಕೆ ಅಲ್ಲವೇ ಅಲ್ಲ, ಯಾವಾಗ ಬಿಟ್ಕೊಳ್ಳುತ್ತೆ ಅಂತ ಹೇಳೋಕಾಗಲ್ಲ. ಟವೆಲ್ ರಾಡ್ ಹಿಡಿದು ಏಳೋದಂತೂ ಬೇಡವೇ ಬೇಡ. ಬಾರ್ ದಪ್ಪ 32 ರಿಂದ 38 ಮಿಲಿಮೀಟರ್ ಇದ್ರೆ ಸುಮಾರು ಎಲ್ರ ಮುಷ್ಟಿಗೂ ಸರಿಹೋಗುತ್ತೆ. ಲಂಬವಾಗಿ ಹಾಕಿದ್ದು ಒಳಗೆ ಹೆಜ್ಜೆ ಇಡುವಾಗ ಹಿಡ್ಕೊಳ್ಳೋಕೆ, ಅಡ್ಡ ಹಾಕಿದ್ದು ಒತ್ತಿ ಏಳೋಕೆ. ಬೆರಳು ವೀಕ್ ಇದ್ರೆ ಲಂಬದ ಬಾರ್ ಮೇಲೆ ಕೈ ಕೆಳಗೆ ಜಾರುತ್ತೆ, ಅವರಿಗೆ ಅಡ್ಡ ಬಾರ್ ಮೇಲೆ ಮುಂಗೈ ಪೂರ್ತಿ ಇಟ್ಟು ಒತ್ತೋದೇ ವಾಸಿ. ಕೊರೆಯೋಕೆ ಮುಂಚೆ ಕೂತು, ಎದ್ದು, ನಿಮ್ಮ ಕೈ ತಾನಾಗಿ ಎಲ್ಲಿಗೆ ಹೋಗುತ್ತೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿಸ್ಕೊಳ್ಳಿ, ಪ್ಲಂಬರ್ ತನ್ನ ಎತ್ತರಕ್ಕೆ ಹಾಕಿ ಹೋಗೋದು ಮಾಮೂಲಿ.

ಸ್ನಾನ ನಿಂತಾ ಕೂತಾ ಅನ್ನೋದಕ್ಕೆ ಚರ್ಚೆ ಬೇಡ, ಕೂತೇ. ಸ್ಟೂಲಾ ಬೆನ್ನಿರೋ ಕುರ್ಚಿನಾ ಅನ್ನೋದಕ್ಕೆ ಮಾತ್ರ ಯೋಚ್ನೆ ಮಾಡಿ. ಮುಂಡದ ಮಸಲ್ ಗಟ್ಟಿ ಇದ್ರೆ ಸ್ಟೂಲು ಸಾಕು, ಸಣ್ಣ ಬಾತ್‌ರೂಮಲ್ಲಿ ಜಾಗಾನೂ ಉಳಿಯುತ್ತೆ. ತಲೆ ತೊಳೆಯುವಾಗ ಕಣ್ಮುಚ್ಚಿದ್ರೆ ವಾಲೋರಿಗೆ ಬೆನ್ನೂ ಕೈಯೂ ಇರೋದೇ ಬೇಕು. ಕಾಲಿನ ಎತ್ತರ ಅಡ್ಜಸ್ಟ್ ಆಗೋದು, ತುದಿಗೆ ರಬ್ಬರ್ ಇರೋದು ನೋಡಿ ತಗೊಳ್ಳಿ. ಟಬ್ ಇರೋ ಮನೆಯವ್ರಿಗೆ ಎರಡು ಕಾಲು ಹೊರಗೆ ಎರಡು ಕಾಲು ಒಳಗೆ ಇರೋ ಉದ್ದ ಬೆಂಚ್ ಬರುತ್ತೆ, ಹೊರಗೆ ಕೂತು ಒಳಕ್ಕೆ ಸರಿಯೋದು. ಶವರ್ ಗೋಡೆಗಿರೋದಕ್ಕಿಂತ ಕೈಯಲ್ಲಿ ಹಿಡಿಯೋದು ಉತ್ತಮ, ಕೈ ಎತ್ತೋಕಾಗದೆ ಇದ್ರೆ ಮೊಣಕೈನ ತೊಡೆ ಮೇಲೂರಿ ತಲೆ ಬಗ್ಗಿಸಿ, ತಲೆನೇ ನೀರಿನ ಹತ್ರ ಬರ್ಲಿ.

ಬಿಸಿನೀರಿನ ವಿಷ್ಯ ಕಾಯಿಲೆ ಮೇಲೆ ಹೋಗುತ್ತೆ. ಮಯಸ್ತೇನಿಯಾದವರಿಗೆ ಶಾಖ ಆಗಲ್ಲ, ಸುಡುನೀರಲ್ಲಿ ಜಾಸ್ತಿ ಹೊತ್ತು ಕೂತ್ರೆ ಏಳೋಕೇ ಆಗದಷ್ಟು ಬಲ ಇಳಿಯಬಹುದು, ಉಗುರುಬೆಚ್ಚಗೆ ಬೇಗ ಮುಗಿಸೋದೇ ಕ್ಷೇಮ. ಮಯೋಟಾನಿಕ್‌ನವರಿಗೆ ಬೆಚ್ಚಗಿನ ನೀರೇ ಹಿತ. ಸ್ನಾನದ ನಂತರ ಟವೆಲಲ್ಲಿ ಒರೆಸ್ಕೊಳ್ಳೋದು ಎಷ್ಟು ಬಲ ತಿನ್ನುತ್ತೆ ಅಂತ ಆರೋಗ್ಯವಂತರಿಗೆ ಗೊತ್ತೇ ಆಗಲ್ಲ. ಟವೆಲ್ ಬಟ್ಟೇದೇ ಉದ್ದ ಗೌನ್ ಹಾಕ್ಕೊಂಡು ಹತ್ತು ನಿಮಿಷ ಸುಮ್ನೆ ಕೂತ್ರೆ ಅದೇ ಒಣಗಿಸುತ್ತೆ. ಬೆಳಗ್ಗೆ ಹೊರಗೆ ಹೋಗೋದಿರೋರು ಸ್ನಾನನ ಹಿಂದಿನ ರಾತ್ರಿಗೆ ಹಾಕ್ಕೊಂಡ್ರೆ ಬೆಳಗಿನ ಬಲ ಉಳಿಯುತ್ತೆ, ಸಂಜೆ ಹೊತ್ತಿಗೆ ಸೋಲೋ ಮಯಸ್ತೇನಿಯಾದವರು ಮಾತ್ರ ಹಾಗೆ ಮಾಡ್ಬಾರ್ದು.

ಕೈಕೆಲ್ಸ: ದಪ್ಪ, ಭಾರ, ಹಗುರ

ಇಲ್ಲಿ ಅಂಗಡಿಯವ್ರೇ ದಾರಿ ತಪ್ಪಿಸ್ತಾರೆ. ದಪ್ಪ ಹಿಡಿಯ ಚಮಚ, ಭಾರದ ಚಮಚ ಎರಡನ್ನೂ ಒಂದೇ ಶೆಲ್ಫಲ್ಲಿ ಇಟ್ಟು ಕೈ ತೊಂದ್ರೆ ಇರೋರಿಗೆ ಅಂತ ಬರೆದಿರ್ತಾರೆ. ಭಾರದ್ದು ಕೈ ನಡುಗೋರಿಗೆ. ಮಸಲ್ ವೀಕ್ ಇರೋರಿಗೆ ಅದು ಇನ್ನೊಂದು ಹೊರೆ. ನಮಗೆ ಬೇಕಾದದ್ದು ದಪ್ಪ ಆದ್ರೆ ಹಗುರ, ಫೋಮ್ ಕೊಳವೆ ತಂದು ಮನೇಲಿರೋ ಚಮಚ, ಪೆನ್ನು, ಬ್ರಶ್ಶಿಗೆ ತೂರಿಸಿದ್ರೆ ಮುಗೀತು.

ಎಲೆಕ್ಟ್ರಿಕ್ ಟೂತ್‌ಬ್ರಶ್ ಬೆರಳು ವೀಕ್ ಇರೋರಿಗೆ ವರ, ಹಿಡಿ ದಪ್ಪ, ಉಜ್ಜೋ ಕೆಲ್ಸ ಅದೇ ಮಾಡುತ್ತೆ. ಭುಜ ವೀಕ್ ಇರೋರಿಗೆ ಅದರ ತೂಕಾನೇ ಕಷ್ಟ, ಆದ್ರೂ ಮೊಣಕೈನ ಸಿಂಕ್ ಕಟ್ಟೆ ಮೇಲೆ ಊರಿದ್ರೆ ನಡೆಯುತ್ತೆ. ಮೊಣಕೈ ಊರೋದು ಅನ್ನೋದು ಭುಜದವರಿಗೆ ಎಲ್ಲಾ ಕಡೆ ಕೆಲ್ಸಕ್ಕೆ ಬರುತ್ತೆ, ಊಟಕ್ಕೆ ಟೇಬಲ್ ಸ್ವಲ್ಪ ಎತ್ತರ ಮಾಡಿ, ತಲೆ ಬಾಚೋಕೆ ಟೇಬಲ್ ಮೇಲೆ ದಿಂಬಿಟ್ಟು ಅದರ ಮೇಲೆ ಮೊಣಕೈ. ಗುಂಡಗಿರೋ ನಲ್ಲಿ, ಬಾಗಿಲ ಗುಬ್ಬಿ ತೆಗೆದು ಉದ್ದ ಹಿಡಿ ಇರೋದು ಹಾಕಿಸಿದ್ರೆ ಬೆರಳೇ ಬೇಡ, ಮುಂಗೈಯಲ್ಲೋ ಮೊಣಕೈಯಲ್ಲೋ ತಳ್ಳಬಹುದು. ಬಟ್ಟೆ ಬಗ್ಗೆ ಜಾಸ್ತಿ ಹೇಳೋದೇನಿಲ್ಲ: ಕೂತು ಹಾಕ್ಕೊಳ್ಳಿ, ಜಾಸ್ತಿ ವೀಕ್ ಇರೋ ಕೈಗೆ ಮೊದ್ಲು ಹಾಕಿ ಬಿಚ್ಚುವಾಗ ಅದನ್ನ ಕೊನೇಲಿ ಬಿಚ್ಚಿ, ಬಟನ್ ಹಾಕೋ ಕೊಕ್ಕೆ ಕಲಿಯೋದಕ್ಕಿಂತ ಬಟನ್ ಒಳಗೆ ವೆಲ್ಕ್ರೋ ಹೊಲಿಸೋದು ಸುಲಭ.

ಅಡುಗೆಮನೆ

ನಿಂತು ಮಾಡೋದು, ಕುರ್ಚಿಲಿ ಕೂತು ಮಾಡೋದು, ಎತ್ತರದ ಸ್ಟೂಲಿಗೆ ಒರಗಿ ಅರ್ಧ ನಿಂತು ಮಾಡೋದು. ಕೊನೇದು ಕಟ್ಟೆ ಎತ್ತರಕ್ಕೆ ಸರಿಹೋಗುತ್ತೆ, ಏಳೋದೂ ಸುಲಭ, ಆದ್ರೆ ಅರ್ಧ ಭಾರ ಕಾಲ ಮೇಲೇ ಇರುತ್ತೆ, ಹಾಗಾಗಿ ಮೊಣಕಾಲು ಹಠಾತ್ತಾಗಿ ಕುಸಿಯೋರಿಗೆ ಬೇಡ, ಒಲೆ ಮುಂದೆ ಅಂತೂ ಬೇಡ. ಅವರು ಹೆಚ್ಚೋದು, ಆರಿಸೋದು, ಕಲೆಸೋದು ಎಲ್ಲಾ ಊಟದ ಟೇಬಲ್‌ನಲ್ಲಿ ಕೂತು ಮಾಡಿ ಒಲೆ ಹತ್ರ ಹೋಗೋದು ಕೊನೇಗೆ ಒಂದು ಸಲ ಇಟ್ಕೋಬೇಕು.

ಪಾತ್ರೆ ಎತ್ತೋದಕ್ಕಿಂತ ಜರುಗಿಸೋದು ಸುಲಭ. ಸಿಂಕ್, ಕಟ್ಟೆ, ಒಲೆ ಒಂದೇ ಸಾಲಲ್ಲಿ ಒಂದೇ ಎತ್ತರದಲ್ಲಿದ್ರೆ ನೀರು ತುಂಬಿದ ಪಾತ್ರೆನೂ ಕೆಳಗೆ ಬಟ್ಟೆ ಹಾಸಿ ಎಳ್ಕೊಂಡು ಹೋಗಬಹುದು. ಒಲೆ ಮೇಲೆ ಖಾಲಿ ಪಾತ್ರೆ ಇಟ್ಟು ಚಿಕ್ಕ ಮಗ್ಗಲ್ಲಿ ಸ್ವಲ್ಪ ಸ್ವಲ್ಪ ನೀರು ಹಾಕೋದು ನಿಧಾನ ಆದ್ರೂ ಕೈ ಉಳಿಯುತ್ತೆ. ಬೆಂದದ್ದನ್ನ ಬಸಿಯೋಕೆ ಪಾತ್ರೆ ಬಗ್ಗಿಸೋ ಬದ್ಲು ಜಾಲರಿ ಬುಟ್ಟಿ ಒಳಗಿಟ್ಟು ಬೇಯಿಸಿ ಬುಟ್ಟಿ ಮಾತ್ರ ಎತ್ತಿದ್ರೆ ನೀರಿನ ಭಾರ ಎತ್ತೋದೇ ತಪ್ಪುತ್ತೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋಕೆ ಚಕ್ರದ ಟ್ರಾಲಿ ಒಳ್ಳೇದು, ಆದ್ರೆ ಅದನ್ನೇ ಆಸರೆ ಮಾಡ್ಕೊಂಡು ನಡೆಯೋ ಯೋಚ್ನೆ ಇದ್ರೆ ಮಾಮೂಲಿ ಟ್ರಾಲಿ ಓಡಿಬಿಡುತ್ತೆ, ಅದಕ್ಕೆ ಅಂತಲೇ ಭಾರವಾದ ಬೇರೆ ಥರದ್ದು ಬರುತ್ತೆ.

ಒಂದೇ ಸಲ ಜಾಸ್ತಿ ಮಾಡಿ ಫ್ರಿಜ್‌ನಲ್ಲಿ ಇಡೋದಾ, ದಿನಾ ಸ್ವಲ್ಪ ಸ್ವಲ್ಪ ಮಾಡೋದಾ? ನನಗೆ ಎರಡನೇದು. ಒಂದು ದಿನ ಎರಡು ಮೂರು ತಾಸು ಅಡುಗೆಮನೇಲಿ ನಿಂತ್ರೆ ಮಾರನೇ ದಿನ ನಾನು ಯಾವುದಕ್ಕೂ ಇಲ್ಲ. ನನ್ನ ಫ್ರೆಂಡ್ ಉಲ್ಟಾ, ಬೆಳಗ್ಗೆ ಬಲ ಇರೋ ಹೊತ್ತಲ್ಲಿ ರಾತ್ರಿದೂ ಸೇರಿಸಿ ಮಾಡಿಟ್ಬಿಡ್ತಾಳೆ, ಸಂಜೆ ಬರೀ ಬಿಸಿ ಮಾಡೋದು.

ಹೊತ್ತು ನೋಡಿ ಕೆಲ್ಸ

ಇದು ಮುಖ್ಯವಾಗಿ ಮಯಸ್ತೇನಿಯಾದವರಿಗೆ. ಅವರಿಗೆ ಬಲ ಬರೋಕೆ ಕೊಡೋ ಪಿರಿಡೋಸ್ಟಿಗ್ಮಿನ್ ಮಾತ್ರೆ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೇಲಿ ಕೆಲ್ಸ ಶುರು ಮಾಡಿ ಸುಮಾರು 3–4 ಗಂಟೆ ಇರುತ್ತೆ. ಹಾಗಾಗಿ ಅಗಿಯೋಕೆ ನುಂಗೋಕೆ ಕಷ್ಟ ಇರೋರು ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ಬೀಳೋ ಹಾಗೆ ಡಾಕ್ಟ್ರ ಹತ್ರ ಕೂತು ಟೈಮ್ ಹೊಂದಿಸ್ಕೊಳ್ಳಿ, ಡೋಸ್ ಮಾತ್ರ ತಾವಾಗೇ ಏರಿಸೋಕೆ ಹೋಗ್ಬೇಡಿ, ಜಾಸ್ತಿ ಆದ್ರೂ ವೀಕ್ನೆಸ್ಸೇ ಬರುತ್ತೆ. ಹೆವಿ ಊಟ ಬೆಳಗ್ಗೆ ಮಧ್ಯಾಹ್ನ, ರಾತ್ರಿ ಮೆತ್ತಗಿರೋದು. ಅಗಿದು ದವಡೆ ಸೋತಾಗ ಊಟದ ನಡುವೆ ಎರಡು ನಿಮಿಷ ನಿಲ್ಲಿಸೋದು ಮರ್ಯಾದೆ ಕಮ್ಮಿ ವಿಷ್ಯ ಏನಲ್ಲ. ಫೋನಲ್ಲಿ ಮಾತಾಡೋದು ಕೂಡ ಮಸಲ್ ಕೆಲ್ಸ ಅಂತ ನೆನಪಿರ್ಲಿ, ಊಟಕ್ಕೆ ಮುಂಚೆ ಉದ್ದ ಹರಟೆ ಬೇಡ. ಇನ್ನೊಂದು, ಬೇರೆ ಯಾವುದಕ್ಕಾದ್ರೂ ಆಂಟಿಬಯಾಟಿಕ್ ಬರ್ಕೊಡುವಾಗ ನಿಮಗೆ ಮಯಸ್ತೇನಿಯಾ ಇರೋದು ಹೇಳಲೇಬೇಕು, ಕೆಲವು ಗುಂಪಿನ ಔಷಧಿ ವೀಕ್ನೆಸ್ ಜಾಸ್ತಿ ಮಾಡುತ್ತೆ.

ಡಿಸ್ಟ್ರೋಫಿಯವರಿಗೆ ಹೊತ್ತಿಗಿಂತ ಅಂತರ ಮುಖ್ಯ. ಎಲ್ಲಾ ಮುಗಿಸಿ ಆಮೇಲೆ ರೆಸ್ಟ್ ತಗೋತೀನಿ ಅನ್ನೋದಕ್ಕಿಂತ ಸುಸ್ತಾಗೋ ಮುಂಚೆನೇ ನಿಲ್ಲಿಸೋದು. ಮನೆಕೆಲ್ಸನೇ ಎಕ್ಸರ್ಸೈಜ್ ಅಲ್ವಾ ಅಂತ ಕೇಳೋರಿದ್ದಾರೆ. ಮಿತವಾಗಿ ಮೈ ಆಡಿಸೋದು, ನಡೆಯೋದು, ಸೈಕಲ್ ಮೆಷಿನ್, ಈಜು ಇವೆಲ್ಲ ಸುಮಾರು ಜನರಿಗೆ ಒಳ್ಳೇದೇ, ಮಾತಾಡ್ತಾ ಮಾಡೋ ಅಷ್ಟು ಲೆವೆಲ್‌ನಲ್ಲಿ. ಭಾರ ಇಳಿಸೋದು, ಮೆಟ್ಟಿಲು ಇಳಿಯೋದು, ಇಂಥ ಮಸಲ್ ಉದ್ದ ಆಗ್ತಾ ಭಾರ ತಡೆಯೋ ಕೆಲ್ಸ ಡಿಸ್ಟ್ರೋಫಿ ಮಸಲ್‌ಗೆ ಜಾಸ್ತಿ ಪೆಟ್ಟು ಕೊಡುತ್ತೆ. ಕೆಲ್ಸದ ನೋವು ಒಂದೆರಡು ದಿನ ಆದ್ರೂ ಹೋಗ್ಲಿಲ್ಲ ಅಂದ್ರೆ ಅತಿ ಆಯ್ತು ಅಂತ ಅರ್ಥ. ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಮಸಲ್ ಒಡೆದಿರೋ ಗುರುತು ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆಯೊಳಗೆ ಓಡಾಟ

ಕೋಲು ಒಂದು ಕಾಲು ಮಾತ್ರ ಜಾಸ್ತಿ ವೀಕ್ ಇರೋರಿಗೆ, ಅದೂ ವೀಕ್ ಕಾಲಿನ ಎದುರು ಕೈಯಲ್ಲಿ ಹಿಡೀಬೇಕು, ಹಿಡಿ ಮಣಿಕಟ್ಟಿನ ಎತ್ತರಕ್ಕೆ. ಎರಡೂ ತೊಡೆ ವೀಕ್ ಇದ್ರೆ ಕೋಲಿನಿಂದ ಸಿಗೋದು ಕಮ್ಮಿ. ನಾಲ್ಕು ಚಕ್ರದ ವಾಕರ್‌ಗೆ ಸೀಟ್ ಇರುತ್ತೆ, ದಣಿದಾಗ ಕೂರಬಹುದು, ಬೇಗ ದಣಿಯೋರಿಗೆ ಅದು ಸರಿ. ಆದ್ರೆ ಭಾರ ಪೂರ್ತಿ ಕೈ ಮೇಲೆ ಹಾಕಿ ನಡೆಯೋರ ಕೈಯಲ್ಲಿ ಅದು ಮುಂದಕ್ಕೆ ಓಡುತ್ತೆ, ಬ್ರೇಕ್ ಹಿಂಡೋಕೆ ಬೆರಳಲ್ಲಿ ಬಲಾನೂ ಬೇಕು. ಅವರಿಗೆ ಚಕ್ರ ಇಲ್ಲದ್ದು ಅಥವಾ ಮುಂದೆ ಮಾತ್ರ ಎರಡು ಚಕ್ರ ಇರೋದೇ ಭದ್ರ. ಮೊಣಕಾಲನ್ನ ಹಿಂದಕ್ಕೆ ಲಾಕ್ ಮಾಡ್ಕೊಂಡು ನಿಲ್ಲೋರಿಗೆ, ನಾನೂ ಅದೇ ಪೈಕಿ, ಯಾರಾದ್ರೂ ಹಿಂದಿನಿಂದ ಸುಮ್ನೆ ತಾಗಿದ್ರೂ ಲಾಕ್ ಬಿಟ್ಟು ನೇರ ಕೆಳಗೆ. ನೆಲದ ಮೇಲಿನ ಮ್ಯಾಟು, ವೈರು, ಆಟದ ಸಾಮಾನು ತೆಗೆಸೋದು ಯಾವ ಸಾಧನಕ್ಕಿಂತಲೂ ಮೊದ್ಲು.

ಪಾದ ಎತ್ತೋಕಾಗದವರಿಗೆ ಎಎಫ್‌ಒ ಅನ್ನೋ ಪಾದದ ಪಟ್ಟಿ ಕೊಡ್ತಾರೆ, ಪ್ಲಾಸ್ಟಿಕ್‌ದು ಅಗ್ಗ, ಕಾರ್ಬನ್‌ದು ಹಗುರ. ತೊಡೆನೂ ವೀಕ್ ಇದ್ರೆ ಒಂದು ಎಚ್ಚರ ಇರ್ಲಿ, ಕಣಕಾಲು ಮಡಚೋಕೆ ಬಿಡದ ಗಟ್ಟಿ ಪಟ್ಟಿ ಹಾಕಿದ್ರೆ ಪಾದ ಹಿಂದಕ್ಕೆ ಎಳ್ಕೊಂಡು ಕುರ್ಚಿಯಿಂದ ಏಳೋದು ಇನ್ನೂ ಕಷ್ಟ ಆಗುತ್ತೆ, ನಡಿಗೆ ಸರಿಹೋಯ್ತು ಏಳೋದು ಕೆಟ್ಟಿತು ಅನ್ನೋ ಹಾಗೆ. ಹಾಕ್ಕೊಂಡು ಕೂತು ಎದ್ದು ನೋಡಿಯೇ ಒಪ್ಕೊಳ್ಳಿ.

ವೀಲ್‌ಚೇರ್ ಅಂದ್ರೆ ಸೋತ ಹಾಗೆ ಅಂತ ತಡ ಮಾಡೋರು ಜಾಸ್ತಿ. ದೂರಕ್ಕೆ ಕುರ್ಚಿ, ಮನೆಯೊಳಗೆ ಕಾಲು ಅಂತ ಎರಡೂ ಇಟ್ಕೋಬಹುದು. ಭುಜ ವೀಕ್ ಇರೋರು ಕೈಯಲ್ಲಿ ತಳ್ಳೋ ಕುರ್ಚಿ ತಗೊಂಡ್ರೆ ಬೇರೆಯವ್ರು ತಳ್ಳಬೇಕಷ್ಟೇ, ಅದಕ್ಕೆ ಬ್ಯಾಟರಿದು. ಸ್ಕೂಟರ್ ಥರದ್ದಕ್ಕೆ ಕೈ ಮುಂದೆ ಚಾಚಿ ಹ್ಯಾಂಡಲ್ ತಿರುಗಿಸ್ಬೇಕು, ಮುಂಡ ನೆಟ್ಟಗೆ ನಿಲ್ಲಬೇಕು, ಜಾಯ್‌ಸ್ಟಿಕ್ ಕುರ್ಚಿಗೆ ಬೆರಳ ಅಲ್ಲಾಟ ಸಾಕು. ಮನೆ ರಿಪೇರಿ ಮಾಡಿಸೋದಿದ್ರೆ ಬಾಗಿಲು ತೆರೆದಾಗ 81 ಸೆಂಟಿಮೀಟರ್ ಅಗಲ, ತಿರುಗೋಕೆ ಒಂದೂವರೆ ಮೀಟರ್ ಜಾಗ, ರ‍್ಯಾಂಪ್ ಆದ್ರೆ 1 ಅಡಿ ಏರೋಕೆ 12 ಅಡಿ ಉದ್ದ, ಇಷ್ಟನ್ನ ಈಗಲೇ ಹೇಳಿಬಿಡಿ, ಕುರ್ಚಿ ಇನ್ನೂ ಬೇಡದಿದ್ರೂ ಸರಿ. ಮೆಟ್ಟಿಲಿರೋ ಮನೇಲಿ ಕೂರಿಸ್ಕೊಂಡು ಮೇಲೆ ಹತ್ತಿಸೋ ಮೋಟಾರ್ ಸೀಟ್ ಹಾಕಿಸೋದಕ್ಕಿಂತ ಮಲಗೋ ಕೋಣೆ ಕೆಳಗೆ ತರೋಕಾದ್ರೆ ಅದೇ ಮಾಡಿ, ಆ ಸೀಟಿಗೆ ಹತ್ತೋಕೂ ಇಳಿಯೋಕೂ ಮತ್ತೆ ಏಳಲೇಬೇಕಲ್ಲ.

ರಾತ್ರಿ

ಮಗ್ಗಲು ತಿರುಗೋಕೆ ಕಷ್ಟ ಇರೋರಿಗೆ ಸ್ಯಾಟಿನ್ ಬೆಡ್‌ಶೀಟ್ ಅಂತ ಎಲ್ರೂ ಹೇಳ್ತಾರೆ. ಪೂರ್ತಿ ಸ್ಯಾಟಿನ್ ಹಾಸಿದ್ರೆ ಹಿಮ್ಮಡಿ ಊರೋಕೆ ಹಿಡಿತಾನೇ ಸಿಗಲ್ಲ. ಸೊಂಟ ಬೆನ್ನಿನ ಕೆಳಗೆ ಮಾತ್ರ ಸ್ಯಾಟಿನ್ ಪಟ್ಟಿ, ಕಾಲ ಹತ್ರ ಮಾಮೂಲಿ ಹತ್ತಿ ಬಟ್ಟೆ ಇದ್ರೆ ಒದ್ದು ತಿರುಗಬಹುದು. ಜಾರೋ ಶೀಟೂ ಜಾರೋ ನೈಟ್ ಡ್ರೆಸ್ಸೂ ಎರಡೂ ಬೇಡ, ಮಂಚದ ಅಂಚಲ್ಲಿ ಕೂತಾಗ ಸೀದಾ ನೆಲಕ್ಕೆ. ತಲೆ ಕಡೆ ಏರೋ ಮೋಟಾರ್ ಮಂಚಕ್ಕೆ ದುಡ್ಡು ಇದ್ರೆ ಲಿಫ್ಟ್ ಕುರ್ಚಿಗಿಂತ ಮೊದ್ಲು ಅದನ್ನ ತಗೊಳ್ಳಿ ಅಂತೀನಿ, ಮಂಚದ ಎತ್ತರಾನೂ ಏರೋ ಥರದ್ದು.

ಆದ್ರೆ ಒಂದು ವಿಷ್ಯ ದಿಂಬು ಮಂಚದಿಂದ ಸರಿಹೋಗಲ್ಲ. ಚಪ್ಪಟೆ ಮಲಗಿದ್ರೆ ಉಸಿರು ಕಟ್ಟೋದು, ಬೆಳಗ್ಗೆ ತಲೆನೋವಿನ ಜೊತೆ ಏಳೋದು, ಹಗಲೆಲ್ಲ ತೂಕಡಿಕೆ, ಕೆಮ್ಮೋಕೆ ಬಲ ಇಲ್ಲದಿರೋದು, ಇವು ಉಸಿರಾಟದ ಮಸಲ್ ವೀಕ್ ಆಗ್ತಿರೋ ಸೂಚನೆ. ಮನೇಲಿ ಆಕ್ಸಿಜನ್ ತಂದಿಟ್ಕೊಳ್ಳೋಣ ಅನ್ನೋರಿಗೆ ಖಡಾಖಂಡಿತ ಹೇಳ್ತೀನಿ, ಹಾಗೆ ಮಾಡ್ಬೇಡಿ. ಇಲ್ಲಿ ತೊಂದ್ರೆ ಗಾಳಿ ಒಳಗೆ ಹೊರಗೆ ಮಾಡೋ ಪಂಪಿನದು, ಬರೀ ಆಕ್ಸಿಜನ್ ಕೊಟ್ರೆ ಬೆರಳಿಗೆ ಹಾಕೋ ಆಕ್ಸಿಜನ್ ಮೀಟರ್‌ನಲ್ಲಿ ನಂಬರ್ ಚೆನ್ನಾಗಿ ಕಾಣ್ತಾ ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಾ ಹೋಗಬಹುದು. ಬೇಕಾದದ್ದು ಸಾಮಾನ್ಯವಾಗಿ ಮಾಸ್ಕ್ ಮೂಲಕ ಗಾಳಿ ತಳ್ಳಿ ಉಸಿರಿಗೆ ಆಸರೆ ಕೊಡೋ ಬೈಪ್ಯಾಪ್ ಥರದ ಮೆಷಿನ್, ಅದನ್ನ ಟೆಸ್ಟ್ ಮಾಡಿ ಡಾಕ್ಟ್ರೇ ಸೆಟ್ ಮಾಡ್ಬೇಕು. ಮಯಸ್ತೇನಿಯಾದವರು ಒಂದೇ ಉಸಿರಲ್ಲಿ ಎಣಿಸೋ ಅಭ್ಯಾಸ ಇಟ್ಕೊಳ್ಳಿ, ಆರೋಗ್ಯವಾಗಿದ್ದಾಗ 50ರ ಹತ್ರ ಹೋಗೋದು, 20 ದಾಟೋಕೂ ಆಗ್ತಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ, ಹಾಗೇ ಎಂಜಲು ನುಂಗೋಕೆ ಆಗದಿದ್ರೂ.

ಸಾಧನನಾ, ಮನುಷ್ಯರಾ

ಎಲ್ಲದಕ್ಕೂ ಸಾಧನ ತರೋಕೂ ಆಗಲ್ಲ, ಎಲ್ಲದಕ್ಕೂ ಮನೆಯವ್ರನ್ನ ಕರೆಯೋಕೂ ಆಗಲ್ಲ. ನನ್ನ ಲೆಕ್ಕ ಹೀಗೆ: ಟಾಯ್ಲೆಟ್, ಸ್ನಾನ, ಮಂಚದಿಂದ ಏಳೋದು, ಅಂದ್ರೆ ಹೊತ್ತುಗೊತ್ತು ಇಲ್ಲದೆ ಬರೋ ಕೆಲ್ಸ, ಯಾರೂ ಇಲ್ಲದಾಗ್ಲೂ ಆಗಲೇಬೇಕಾದ್ದು, ಇದಕ್ಕೆಲ್ಲ ಸಾಧನಕ್ಕೆ ದುಡ್ಡು ಹಾಕಿ. ನೆಲ ಒರೆಸೋದು, ಬಟ್ಟೆ ಒಣಹಾಕೋದು, ಬೆಡ್‌ಶೀಟ್ ಬದಲಿಸೋದು, ಭಾರದ ಸಾಮಾನು ತರೋದು, ಇವಕ್ಕೆ ಟೈಮ್ ಫಿಕ್ಸ್ ಮಾಡಿ ಯಾರಿಗಾದ್ರೂ ವಹಿಸಿ ಕೈತೊಳ್ಕೊಳ್ಳಿ. ಅವರು ನಿಮ್ಮಷ್ಟು ನೀಟಾಗಿ ಮಡಚಲ್ಲ, ಮಡಚದಿದ್ರೆ ಬಿಡಿ. ಉಳಿದ ಬಲನ ನಿಮಗೆ ಖುಷಿ ಕೊಡೋ ಕೆಲ್ಸಕ್ಕೇ ಇಟ್ಕೊಳ್ಳಿ, ಅದು ಗಿಡಕ್ಕೆ ನೀರು ಹಾಕೋದೇ ಆಗಿರ್ಲಿ.

ಕೊಳ್ಳೋ ಮುಂಚೆ ಬಾಡಿಗೆಗೋ ಕಡ ತಂದೋ ಒಂದು ವಾರ ಬಳಸಿ ನೋಡೋಕಾದ್ರೆ ನೋಡಿ, ಅದೂ ನಿಮ್ಮ ಕೆಟ್ಟ ದಿನದ ಕೆಟ್ಟ ಹೊತ್ತಲ್ಲಿ, ಅಂಗಡೀಲಿ ಬೆಳಗ್ಗೆ ಫ್ರೆಶ್ ಆಗಿ ಕೂತು ಎದ್ರೆ ಎಲ್ಲಾ ಕುರ್ಚಿನೂ ಚೆನ್ನಾಗೇ ಇರುತ್ತೆ. ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ದಿನದ ಕೆಲ್ಸ ಸುಲಭವಾಗಿ ಮಾಡೋ ದಾರಿ ಹೇಳ್ಕೊಡೋ ತಜ್ಞರು, ಒಬ್ರನ್ನ ಮನೆಗೇ ಕರೆಸೋಕಾದ್ರೆ ಮೊದಲ ಖರ್ಚು ಅದೇ ಇರ್ಲಿ. ಅವರು ಬರೋ ಮುಂಚೆ ಎರಡು ಅಳತೆ ತೆಗೆದಿಟ್ಕೊಳ್ಳಿ: ನೀವು ಕೈ ಊರದೆ ಏಳೋಕಾಗೋ ಕುರ್ಚಿಗಳಲ್ಲಿ ಎಲ್ಲಕ್ಕಿಂತ ಗಿಡ್ಡದ್ದರ ಸೀಟ್ ಎತ್ತರ, ಕೈ ಊರಿ ಏಳೋಕಾಗೋ ಗಿಡ್ಡ ಸೀಟಿನ ಎತ್ತರ. ಮಂಚ, ಕಮೋಡ್, ಸ್ನಾನದ ಸ್ಟೂಲು, ಊಟದ ಕುರ್ಚಿ ಎಲ್ಲದರ ಎತ್ತರ ಆ ಎರಡು ನಂಬರ್ ಮೇಲೇ ನಿಲ್ಲುತ್ತೆ, ಆರು ತಿಂಗಳಿಗೊಂದು ಸಲ ಮತ್ತೆ ಅಳೀರಿ.